ಕಚ್ಚಿಕೊಂಡ ದವಡೆ

ಸುಭದ್ರಮ್ಮನ ಅಣ್ಣ ಪುಟ್ಟಣ್ಣ ಧನುರ್ವಾಯುವಿನಿಂದ ತೀರಿಕೊಂಡಾಗ ಅವಳಿನ್ನೂ ಲಂಗ ಉಡುವ ಹುಡುಗಿ. ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಅವರ ಮನೆ. ಅಪ್ಪ ಜಂಬಣ್ಣನವರಿಗೆ ಬಜಾರಿನಲ್ಲೇ ಒಂದು ಜವಳಿ ಅಂಗಡಿ. ಅಂಗಡಿಗೆ ಬಂದ ಬಟ್ಟೆಯ ಪೆಟ್ಟಿಗೆಗಳನ್ನು ಒಡೆಯುವಾಗ ಪುಟ್ಟಣ್ಣ ಹಲಗೆಯ ಮೊಳೆ ತುಳಿದಿದ್ದ. ಗಾಯ ಮಾಯಿತು, ಎಲ್ಲರೂ ಮರೆತರು. ಆಮೇಲೊಂದು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಡಲು ಹೋದವನು, "ಅವ್ವಾ, ಬಾಯಿ ತೆಗಿಯೋಕೇ ಆಗ್ತಿಲ್ಲ ಕಣೇ" ಅಂದ. ಅವನ ತುಟಿಗಳು ಎರಡೂ ಕಡೆಗೆ ಎಳೆದುಕೊಂಡಿದ್ದವು. ತಮಾಷೆಗೆ ಹಲ್ಲು ಕಿರಿಯುತ್ತಿದ್ದಾನೆ ಅಂದುಕೊಂಡು ಸುಭದ್ರೆ ನಕ್ಕಿದ್ದಳು.

ಸಂಜೆಯಷ್ಟರಲ್ಲಿ ಅವನ ಬೆನ್ನು ಬಿಲ್ಲಿನಂತೆ ಬಾಗಿದ್ದನ್ನು ಸುಭದ್ರೆ ಬಾಗಿಲ ಸಂದಿಯಿಂದ ಕಂಡಳು. ಬೆಳಕು ಬಿದ್ದರೆ, ಸದ್ದಾದರೆ ಸೆಟೆದುಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಅವ್ವ ಕಾಶಮ್ಮ ನಡುಕೋಣೆಯ ಕಿಟಕಿ ಮುಚ್ಚಿ, ಮೇಲೆ ಕಂಬಳಿ ಹೊದಿಸಿದಳು. ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತಿರಲಿಲ್ಲ. ಒಂದು ಸಲ ಅಡುಗೆಮನೆಯಲ್ಲಿ ಸುಭದ್ರೆಯ ಕೈತಪ್ಪಿ ಹಿತ್ತಾಳೆ ತಂಬಿಗೆ ನೆಲಕ್ಕೆ ಬಿತ್ತು. ಅದರ ಸದ್ದು ಅಡಗುವ ಮೊದಲೇ ನಡುಕೋಣೆಯಿಂದ ಇನ್ನೊಂದು ಸದ್ದು ಕೇಳಿಸಿತು. ಕಚ್ಚಿಕೊಂಡ ಹಲ್ಲುಗಳ ಸಂದಿಯಿಂದ ಹೊರಬಂದ, ಮನುಷ್ಯರದ್ದೋ ದನದ್ದೋ ತಿಳಿಯದಂಥ ಸದ್ದು. ಅವಳಿಗೆ ಯಾರೂ ಬೈಯಲಿಲ್ಲ. ಪುಟ್ಟಣ್ಣ ಹೋದ ಮೇಲೂ ಯಾರೂ ಆ ಮಾತೆತ್ತಲಿಲ್ಲ. ಆದರೆ ಆವತ್ತಿನಿಂದ ಆ ಹುಡುಗಿಗೆ ಸಾವು ಎಂದರೆ ತೆರೆಯದ ಬಾಯಿ ಎಂದೇ ಆಯಿತು.

ಮದುವೆಯಾಗಿ ಅವಳು ಬಂದದ್ದು ಭದ್ರಾವತಿಗೆ. ಗಂಡ ಏಕಾಂತಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ವಿಭಾಗದ ಕೆಲಸಗಾರ. ನ್ಯೂ ಟೌನಿನಲ್ಲಿ ಕ್ವಾರ್ಟರ್ಸು ಸಿಕ್ಕಿತು. ನೇರವಾದ ರಸ್ತೆ, ಒಂದೇ ಥರದ ಮನೆಗಳು, ಅಕ್ಕಪಕ್ಕದಲ್ಲಿ ತಮಿಳು, ತೆಲುಗು, ಕನ್ನಡ ಎಲ್ಲ ಸೇರಿದ ಮಾತು. ಏಕಾಂತಪ್ಪ ಒಳ್ಳೆಯವನು, ಮಾತು ಕಡಿಮೆ. ಅವನ ಅಂಗಿಯ ತೋಳಿನಲ್ಲಿ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಅವನ್ನು ಹೊಲಿಯುತ್ತ ಕೂತಾಗ, ಬಟ್ಟೆಗೆ ಬಿದ್ದ ಕಿಡಿ ಮೈಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದೆ ಇರಲು ಅವಳಿಗೆ ಆಗುತ್ತಿರಲಿಲ್ಲ. ಪಾಳಿ ಮುಗಿದ ಕಾರ್ಖಾನೆಯ ಕೂಗು ಆಗಿ, ಗಂಡನ ಸೈಕಲ್ಲು ಬಾಗಿಲ ಮುಂದೆ ನಿಲ್ಲುವವರೆಗೆ ಅವಳ ಹಲ್ಲಿನ ಮೇಲೆ ಹಲ್ಲು ಬಿಗಿಯಾಗಿ ಕೂತಿರುತ್ತಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಹೊಲಿಗೆ ಅವಳ ಕೈಗೆ ಚೆನ್ನಾಗಿ ಒಲಿದಿತ್ತು. ತವರಿನಿಂದ ತಂದ ಮಿಶನ್ನಿನಲ್ಲಿ ಇಡೀ ಸಾಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ದಾರವನ್ನು ಬಲಗಡೆಯ ಹಲ್ಲಿನಿಂದ ಪಟ್ಟನೆ ಕಡಿಯುತ್ತ ಕೆಲಸ ಮಾಡುವುದು ಅವಳ ರೂಢಿ. ಊಟವಾದ ಮೇಲೆ ಎಲೆ ಅಡಿಕೆ. ಅಡಿಕೆಯ ಗಟ್ಟಿ ಹೋಳು ಯಾವಾಗಲೂ ಬಲದವಡೆಗೇ.

ಮಗಳು ಪುಷ್ಪ ಶಾಲೆಗೆ ಸೇರಿದ ವರ್ಷ, ಐವತ್ತೊಂಬತ್ತರಲ್ಲಿ, ಬಲಗಿವಿಯ ಮುಂದೆ ಒಂದು ಸದ್ದು ಶುರುವಾಯಿತು. ಬಾಯಿ ತೆರೆದರೆ 'ಟಕ್'. ಮುಚ್ಚಿದರೆ ಮತ್ತೊಂದು, ಸಣ್ಣದು. ಮೊದಮೊದಲು ನೋವಿರಲಿಲ್ಲ. ಕಿವಿಯಲ್ಲಿ ಏನೋ ಹೊಕ್ಕಿರಬೇಕೆಂದು ಬಿಸಿ ಎಣ್ಣೆ ಬಿಟ್ಟುಕೊಂಡಳು. ಬರುಬರುತ್ತ ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದಿರುತ್ತಿತ್ತು, ಕಪಾಲ ಸಿಡಿಯುತ್ತಿತ್ತು. ನೋವು ಕಿವಿಯಲ್ಲೋ ಹಲ್ಲಿನಲ್ಲೋ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ಪಕ್ಕದ ಮನೆಯ ಶಾಮಲಾ, ಮೇಷ್ಟರ ಹೆಂಡತಿ, ಚುರುಕು ಹೆಂಗಸು. ರವಿಕೆಯ ಅಳತೆ ಕೊಡಲು ಬಂದವಳು ಒಂದು ದಿನ ಕೇಳಿಯೇ ಬಿಟ್ಟಳು.

"ಏನು ಸುಭದ್ರಮ್ಮ, ಮಾತಾಡಿದರೆ ಟಕ್ ಟಕ್ ಅಂತ ಸದ್ದು ಬರ್ತದಲ್ಲ? ನನಗೇ ಕೇಳ್ತದೆ."

"ಹಲ್ಲು ನೋವು ಕಣ್ರೀ."

"ಹಂಗಾದ್ರೆ ಕೀಳಿಸಿಬಿಡು ಮಾರಾಯ್ತಿ. ಇಟ್ಕೊಂಡು ಏನು ಮಾಡ್ತೀಯ?"

ಸಂತೆಯ ದಿನ ಹಲ್ಲು ಕೀಳುವವನೊಬ್ಬ ಬರುತ್ತಿದ್ದ. ಒಂದು ಸ್ಟೂಲು, ಒಂದು ಇಕ್ಕಳ, ಬಾಟಲಿಯಲ್ಲಿ ಕೆಂಪು ನೀರು. ಅವನು ಸುಭದ್ರಮ್ಮನ ಬಲಗಡೆಯ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ, "ಇದೇ ಹುಳುಕು" ಎಂದು ಹೇಳಿ ದವಡೆಹಲ್ಲೊಂದನ್ನು ಹಿಡಿದ. ಅದು ಸುಲಭಕ್ಕೆ ಬರಲಿಲ್ಲ. ಅವನು ಅವಳ ತಲೆಯನ್ನು ಕಂಕುಳಲ್ಲಿ ಅವುಚಿ, ಬಾಯಿಯನ್ನು ಎಷ್ಟು ಅಗಲಿಸಬಹುದೋ ಅಷ್ಟೂ ಅಗಲಿಸಿ ಎಳೆದ. ಕೊನೆಗೆ ಕೈಗೆ ಬಂದ ಹಲ್ಲು ಬೆಳ್ಳಗೆ, ಗಟ್ಟಿಯಾಗಿ, ಒಂದು ಕಪ್ಪು ಚುಕ್ಕೆಯೂ ಇಲ್ಲದೆ ಇತ್ತು. ಅವನು ಅದನ್ನು ಮೋರಿಗೆ ಎಸೆದ. ಒಸಡಿನ ನೋವು ವಾರದಲ್ಲಿ ಹೋಯಿತು. ಹಳೆಯ ನೋವು ಇದ್ದಲ್ಲೇ ಇತ್ತು. ಈಗ ಬಾಯಿ ತೆರೆಯುವಾಗ ದವಡೆ ಒಮ್ಮೊಮ್ಮೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಬಾಗಿಲಿನ ಕೆಳಗೆ ಕಲ್ಲು ಸಿಕ್ಕಂತೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಬಿಟ್ಟುಕೊಳ್ಳುತ್ತಿತ್ತು. ಹಾಗೆ ಸಿಕ್ಕಿಕೊಂಡಾಗೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದರೆ ನಿಜವಾಗುತ್ತದೆ ಎಂಬಂತೆ ಬಾಯಿ ಮುಚ್ಚಿಕೊಂಡೇ ಇದ್ದಳು.

ಮರುವರ್ಷ ಬೇಸಿಗೆಯಲ್ಲಿ ಬಚ್ಚಲುಮನೆಯ ತಗಡಿನ ಬಾಗಿಲು ಅವಳ ಹಿಮ್ಮಡಿಯ ಹತ್ತಿರ ಗೀರಿತು. ತಗಡಿನ ಅಂಚು ತುಕ್ಕು ಹಿಡಿದು ಕೆಂಪಾಗಿತ್ತು. ರಕ್ತ ಹೆಚ್ಚೇನೂ ಬರಲಿಲ್ಲ. ತೊಳೆದು, ಅರಿಶಿನ ಒತ್ತಿ, ಬಟ್ಟೆ ಕಟ್ಟಿದಳು. ಗಾಯ ಒಣಗಿತು. ಗಾಯ ಒಣಗಿದ್ದೇ ಅವಳಿಗೆ ದಿಗಿಲು. ಪುಟ್ಟಣ್ಣನದ್ದೂ ಹೀಗೇ ಒಣಗಿತ್ತಲ್ಲ? ಅವಳು ಪ್ರತಿದಿನ ಲಿಂಗಪೂಜೆಗೆ ಕೂತಾಗ ವಿಭೂತಿ ಹಚ್ಚಿಕೊಳ್ಳುವ ಮೊದಲು ಬಾಯಿ ತೆರೆದು ನೋಡಿಕೊಳ್ಳುತ್ತಿದ್ದಳು. ಟಕ್ ಎಂದು ಸದ್ದಾಗಿ ತೆರೆದರೆ ಆ ಸದ್ದೇ ಒಂದು ಧೈರ್ಯ.

ಒಂದು ಬೆಳಿಗ್ಗೆ ಸದ್ದು ಬರಲಿಲ್ಲ. ಬಾಯಿಯೂ ತೆರೆಯಲಿಲ್ಲ.

ಒಂದು ಬೆರಳು ಕಷ್ಟಪಟ್ಟು ಹೋಗುವಷ್ಟೇ ಸಂದಿ. ಎಡಕ್ಕೆ ಅಲ್ಲಾಡಿಸಿದಳು, ಬಲಕ್ಕೆ ಅಲ್ಲಾಡಿಸಿದಳು. ಗಲ್ಲ ಹಿಡಿದು ಕೆಳಗೆ ಜಗ್ಗಿದಳು. ಕಿವಿಯ ಮುಂದೆ ಚೂರಿಯಿಂದ ಇರಿದಂತಾಯಿತೇ ಹೊರತು ದವಡೆ ಕದಲಲಿಲ್ಲ. ಅವಳು ಗೋಡೆ ಹಿಡಿದು ಮೆಲ್ಲಗೆ ಕೂತಳು. ಬಂತು, ಅಂದುಕೊಂಡಳು. ಇಷ್ಟು ವರ್ಷ ಕಾದು ಕೊನೆಗೂ ಬಂತು.

ಏಕಾಂತಪ್ಪ ಬೆಳಗಿನ ಪಾಳಿಗೆ ಹೊರಟು ನಿಂತಿದ್ದ. ಬುತ್ತಿ ಕಟ್ಟಿಕೊಟ್ಟಳು. "ಯಾಕೆ, ಮಾತಿಲ್ಲ?" ಅಂದ. ಸೆರಗು ಬಾಯಿಗೆ ಹಿಡಿದು, ಹಲ್ಲುನೋವು ಎಂಬಂತೆ ಕೆನ್ನೆ ತೋರಿಸಿದಳು. ಅವನು ಸೈಕಲ್ಲು ಹತ್ತಿ ಹೋದ. ತಿರುವಿನಲ್ಲಿ ಮರೆಯಾಗುವವರೆಗೆ ಅವನ ಬೆನ್ನನ್ನು ನೋಡುತ್ತ ನಿಂತಳು. ಮತ್ತೆ ನೋಡುತ್ತೇನೋ ಇಲ್ಲವೋ! ಕರೆಯಬೇಕೆನಿಸಿತು. ಕರೆಯಲು ಬಾಯಿ ಬೇಕಲ್ಲ.

ಪುಷ್ಪಳಿಗೆ ಜಡೆ ಹಾಕಿ, ಹೊಸ ಲಂಗ ಉಡಿಸಿ ಶಾಮಲಾಳ ಮನೆಗೆ ಕರೆದುಕೊಂಡು ಹೋದಳು.

"ತವರಿಗೆ ಹೋಗ್ಬರ್ತೀನಿ. ಮಗೀನ ನೋಡ್ಕೊಳ್ರೀ," ಎಂದಳು ಹಲ್ಲು ಕಚ್ಚಿಕೊಂಡೇ.

"ಇದ್ದಕ್ಕಿದ್ದಂಗೆ? ಏನಾಯ್ತು ನಿಂಗೆ? ಮುಖ ಬಿಳಚಿಕೊಂಡಿದೆ."

"ಅವ್ವನ್ನ ನೋಡ್ಬೇಕು."

ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಡಾಕ್ಟರ ಹತ್ತಿರ ಓಡಬೇಕು ಎಂದು ತೋಚಲೇ ಇಲ್ಲ. ಡಾಕ್ಟರು ಬಂದು ಹೋದ ಮೇಲೂ ಪುಟ್ಟಣ್ಣ ಉಳಿದಿರಲಿಲ್ಲ. ಮಗಳ ಕಣ್ಣೆದುರು ಬಿಲ್ಲಿನಂತೆ ಬಾಗಿ ಸಾಯಬಾರದು, ಅವ್ವನ ಮಡಿಲಲ್ಲಿ ಸಾಯಬೇಕು. ತಾನು ಬಾಗಿಲ ಸಂದಿಯಿಂದ ಕಂಡದ್ದನ್ನು ಪುಷ್ಪ ಕಾಣಬಾರದು.

ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಸೆರಗಿನ ಮರೆಯಲ್ಲಿ ಬೆರಳಿನಿಂದ ಬಾಯಿಯ ಸಂದಿಯನ್ನು ಮತ್ತೆ ಮತ್ತೆ ಅಳೆದಳು. ಕುತ್ತಿಗೆ ಬಿಗಿಯುತ್ತಿದೆಯೇ? ಹೌದೆನಿಸಿತು. ಬೆನ್ನು? ಅದೂ ಹೌದೆನಿಸಿತು. ಎಂಜಲು ನುಂಗಿ ನೋಡಿದಳು. ಇಳಿಯಿತು. ಇನ್ನೊಮ್ಮೆ ನುಂಗಲು ಹೋದರೆ ಬಾಯಿ ಒಣಗಿತ್ತು. ಎಂಜಿನ್ನು ಇದ್ದಕ್ಕಿದ್ದಂತೆ ಸಿಳ್ಳೆ ಹಾಕಿತು. ಅವಳು ಬೆಚ್ಚಿಬಿದ್ದಳು, ಮೈಯೆಲ್ಲ ಜುಮ್ಮೆಂದಿತು. ಎಲ್ಲರೂ ಬೆಚ್ಚುವ ಹಾಗೆ ಬೆಚ್ಚಿದೆನೋ, ಪುಟ್ಟಣ್ಣ ಬೆಚ್ಚುತ್ತಿದ್ದ ಹಾಗೆ ಬೆಚ್ಚಿದೆನೋ? ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಎಲೆ ಮಡಚಿ ಚಾಚಿ, "ತಗಾ ಮಗಳೇ" ಅಂದಳು. ಸುಭದ್ರಮ್ಮ ತಲೆ ಅಲ್ಲಾಡಿಸಿದಳು. ಮುದುಕಿ ದೊಡ್ಡದಾಗಿ ಬಾಯಿ ತೆರೆದು ಎಲೆಯಿಟ್ಟುಕೊಂಡದ್ದನ್ನು ಕಣ್ಣು ಕೀಳದೆ ನೋಡಿದಳು. ಲೋಕದಲ್ಲಿ ಎಲ್ಲರೂ ಎಷ್ಟು ಸಲೀಸಾಗಿ ಬಾಯಿ ತೆರೆಯುತ್ತಾರೆ!

ಶಿವಮೊಗ್ಗ ನಿಲ್ದಾಣದಿಂದ ಜಟಕಾ ಮಾಡಿಕೊಂಡು ಗಾಂಧಿ ಬಜಾರಿಗೆ ಬಂದಳು. ಮೂಟೆ ಇಳಿಸುವ ಹಮಾಲರ ಕೂಗು, ಗಾಡಿಯವರ ಜಗಳ, ತಕ್ಕಡಿಯ ಕಲ್ಲಿನ ಸದ್ದು. ಒಂದೊಂದು ಸದ್ದಿಗೂ ಅವಳು ಮೈ ಬಿಗಿಹಿಡಿದು ಕಾದಳು. ಓಣಿಗೆ ತಿರುಗಿ ಮನೆಯ ಹೊಸ್ತಿಲು ದಾಟಿದಳು.

ಕಾಶಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದವಳು ಎದ್ದು ಬಂದಳು. "ಏನೇ ಇದು, ಒಬ್ಬಳೇ? ಮಗು ಎಲ್ಲಿ? ಅಳಿಯಂದಿರು ಚೆನ್ನಾಗಿದಾರಾ?"

ಸುಭದ್ರಮ್ಮ ಸೆರಗು ಸರಿಸಿದಳು. "ಅವ್ವಾ, ಬಾಯಿ ತೆಗಿಯೋಕೆ ಆಗ್ತಿಲ್ಲ."

ಹೇಳಿದ ಮೇಲೆ ಅದು ಯಾರ ಮಾತು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕಾಶಮ್ಮನ ಕೈಯಲ್ಲಿದ್ದ ಒನಕೆ ಜಾರಿ ಬಿತ್ತು. ಮಗಳ ಕಾಲಿನತ್ತ ನೋಡಿದಳು. ಹಿಮ್ಮಡಿಯ ಗೀರು ಕಂಡಿತು. ಮಗಳನ್ನು ನಡುಕೋಣೆಗೆ ಕರೆದೊಯ್ದು ಚಾಪೆಯ ಮೇಲೆ ಮಲಗಿಸಿದಳು. ಹಣೆಗೆ ವಿಭೂತಿ ಒತ್ತಿದಳು. ಆಮೇಲೆ ಎದ್ದು ಕಿಟಕಿಯ ಬಾಗಿಲು ಹಾಕಿದಳು. ಕಪಾಟಿನಿಂದ ಕಂಬಳಿ ತೆಗೆದು ಅದರ ಮೇಲೆ ಹೊದಿಸಿದಳು.

ಕತ್ತಲಲ್ಲಿ ಮಲಗಿದ ಸುಭದ್ರಮ್ಮನಿಗೆ ಆಗ ಬಂದ ಹೆದರಿಕೆ ಹಿಂದೆಂದೂ ಬಂದಿರಲಿಲ್ಲ. ಅಲ್ಲಿಯವರೆಗೂ ಮನಸ್ಸಿನ ಒಂದು ಮೂಲೆಯಲ್ಲಿ, ಅವ್ವ ನೋಡಿ 'ಏನೂ ಇಲ್ಲ ಬಿಡೇ' ಅಂದುಬಿಡುತ್ತಾಳೆ ಎಂಬ ಆಸೆಯಿತ್ತು. ಅವ್ವನೇ ಕಂಬಳಿ ಹೊದಿಸಿದ ಮೇಲೆ ಇನ್ನೇನು ಉಳಿಯಿತು? ಹೊರಗೆ ಅವ್ವ ಬರಿಗಾಲಲ್ಲಿ ಅಂಗಡಿಯ ಕಡೆ ಓಡಿದ್ದು ಕೇಳಿಸಿತು. ಸುಭದ್ರಮ್ಮ ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಲಕ್ಕೆ ಒತ್ತಿ, ಅದು ಮೇಲೇಳದಂತೆ ತಡೆಯುತ್ತ ಮಲಗಿದಳು. ಹಲ್ಲು ಇನ್ನಷ್ಟು ಬಿಗಿಯಾಯಿತು. ಬಿಗಿಯುತ್ತಿರುವುದು ತಾನೋ ರೋಗವೋ ಅವಳಿಗೆ ಗೊತ್ತಾಗಲಿಲ್ಲ.

ಜಂಬಣ್ಣನವರು ಕರೆತಂದ ಡಾಕ್ಟರ್ ಶಂಕರನಾರಾಯಣ ಬಜಾರಿನ ತುದಿಯಲ್ಲಿ ಸ್ವಂತ ಷಾಪು ಇಟ್ಟುಕೊಂಡಿದ್ದವರು. ನಡುವಯಸ್ಸು, ದಪ್ಪ ಕನ್ನಡಕ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಕತ್ತಲೆಯಲ್ಲಿ ಒಂದು ಗಳಿಗೆ ನಿಂತರು.

"ಧನುರ್ವಾಯು ಡಾಕ್ಟ್ರೇ," ಕಾಶಮ್ಮ ಪಿಸುಗುಟ್ಟಿದಳು. "ಮೆಲ್ಲಗೆ ಮಾತಾಡ್ರಿ. ಸದ್ದು ಮಾಡಬೇಡ್ರಿ."

"ನೋಡೋಣಮ್ಮ. ನೋಡೋಕೆ ಬೆಳಕು ಬೇಕಲ್ಲ?"

ಅವರು ಅವಸರ ಮಾಡಲಿಲ್ಲ. ಮೊದಲು ಕಂಬಳಿಯ ಒಂದು ಮೂಲೆ ಎತ್ತಿದರು. ಬೆಳಕಿನ ಪಟ್ಟಿ ಸುಭದ್ರಮ್ಮನ ಮುಖದ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿದಳು. ಮೈ ಸೆಟೆಯಲಿಲ್ಲ. ಅವರು ಪಕ್ಕದಲ್ಲಿ ಕೂತು ಕುತ್ತಿಗೆಯ ಹಿಂದೆ ಕೈಯಿಟ್ಟು ತಲೆಯನ್ನು ಎದೆಯ ಕಡೆಗೆ ಬಗ್ಗಿಸಿದರು. ಬಗ್ಗಿತು. ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು. ಅವಳನ್ನು ಎಬ್ಬಿಸಿ ಕೂರಿಸಿ, ಒಂದು ಲೋಟ ನೀರು ತರಿಸಿ, "ಹಲ್ಲಿನ ಸಂದಿಯಲ್ಲೇ ಕುಡೀರಿ" ಅಂದರು. ನೀರು ಗಂಟಲಿಳಿಯಿತು. ಆಮೇಲೆ ಕಂಬಳಿಯನ್ನು ಪೂರ್ತಿ ಎಳೆದು, ಕಿಟಕಿ ತೆರೆದು, ಅವಳ ಬೆನ್ನ ಹಿಂದೆ ನಿಂತು ಎರಡು ಕೈಯನ್ನೂ ಫಟಾರೆಂದು ತಟ್ಟಿದರು.

ಕಾಶಮ್ಮ "ಅಯ್ಯೋ ಶಿವನೇ" ಎಂದು ಚೀರಿದಳು. ಸುಭದ್ರಮ್ಮ ಬೆಚ್ಚಿ ತಿರುಗಿ ನೋಡಿದಳು. ಅಷ್ಟೇ.

"ಇದು ಧನುರ್ವಾಯು ಅಂತ ನನಗೆ ಕಾಣ್ತಿಲ್ಲ," ಎಂದರು ಡಾಕ್ಟರು. "ಅಮ್ಮ, ಇದಕ್ಕೆ ಮುಂಚೆ ದವಡೆಯಲ್ಲಿ ಸದ್ದು ಬರ್ತಿತ್ತಾ?"

ಹಲ್ಲಿನ ಸಂದಿಯಿಂದ ಅವಳು ಎಲ್ಲ ಹೇಳಿದಳು. ಸದ್ದು, ಬೆಳಗಿನ ತಲೆನೋವು, ಕಿತ್ತ ಹಲ್ಲು, ನಡುವೆ ಸಿಕ್ಕಿಕೊಳ್ಳುತ್ತಿದ್ದದ್ದು. ಡಾಕ್ಟರು ಅವಳ ಬಲಗೈ ಬೆರಳನ್ನು ಹಿಡಿದು ಅವಳ ಕಿವಿಯ ಮುಂದೆಯೇ ಇಟ್ಟರು.

"ಇಲ್ಲಿ ಒತ್ತಿ. ಎಷ್ಟು ತೆಗೆಯೋಕಾಗುತ್ತೋ ಅಷ್ಟೇ ಬಾಯಿ ತೆಗೀರಿ. ಒಳಗೆ ಒಂದು ಗುಂಡು ಅಲ್ಲಾಡ್ತಿದೆಯಲ್ಲ? ಅದು ದವಡೆಯ ಕೀಲು. ಮೊಣಕಾಲಿಗೆ ಕೀಲಿರೋ ಹಾಗೆ ದವಡೆಗೂ ಎರಡು ಕಡೆ ಕೀಲಿದೆ. ಮೂಳೆಗೆ ಮೂಳೆ ಉಜ್ಜಬಾರದು ಅಂತ ನಡುವೆ ಒಂದು ಮೆತ್ತನೆ ಬಿಲ್ಲೆ. ಆ ಬಿಲ್ಲೆ ನಿಮ್ಮ ಬಲಗಡೆ ಜಾಗ ಬಿಟ್ಟು ಮುಂದಕ್ಕೆ ಜಾರಿದೆ. ಬಾಯಿ ತೆಗೆದಾಗ ಮೂಳೆ ಅದರ ಮೇಲೆ ಹತ್ತುವಾಗ ಬರ್ತಿದ್ದದ್ದೇ ಟಕ್ ಸದ್ದು. ಇವತ್ತು ಹತ್ತೋಕೆ ಆಗದೆ ಹಿಂದೆಯೇ ನಿಂತುಬಿಟ್ಟಿದೆ. ಕನ್ನಡಿ ಹಿಡಿದು ನೋಡಿಕೊಳ್ಳಿ, ಗಲ್ಲ ಬಲಕ್ಕೆ ಸೊಟ್ಟ ಹೋಗುತ್ತೆ. ಧನುರ್ವಾಯು ಒಂದೇ ಕಡೆ ಹಿಡಿಯಲ್ಲ, ಒಂದು ವರ್ಷ ಸದ್ದು ಮಾಡಿಕೊಂಡೂ ಬರಲ್ಲ."

ಅವಳು ಕೇಳಿಸಿಕೊಂಡಳು. ನಂಬಲು ಧೈರ್ಯ ಬರಲಿಲ್ಲ. "ಕಾಲಿನ ಗಾಯ?" ಎಂದಳು.

"ಅದನ್ನೂ ಬಿಡಲ್ಲ. ಶುಚಿ ಮಾಡಿ, ಧನುರ್ವಾಯು ಬರದ ಹಾಗೆ ಮುಂಚೇನೇ ಒಂದು ಇಂಜೆಕ್ಷನ್ ಕೊಡ್ತೀನಿ. ನಾಲ್ಕು ದಿನ ಇಲ್ಲೇ ಇರಿ, ನಾನು ದಿನಾ ಬಂದು ನೋಡ್ತೀನಿ. ನೀವು ಹೆದರಿದ್ದು ತಪ್ಪಲ್ಲಮ್ಮ. ಬಾಯಿ ಕಚ್ಚಿಕೊಂಡರೆ, ಮೈಮೇಲೆ ಗಾಯ ಇದ್ದರೆ, ಯಾರೇ ಆಗಲಿ ತಕ್ಷಣ ಡಾಕ್ಟರ ಹತ್ತಿರ ಬರಬೇಕು. ಕತ್ತಲೆ ಕೋಣೇಲಿ ಮಲಗಬಾರದು."

ಕಾಶಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ಬಿಸಿನೀರು ಕಾಯಿಸಿ, ಬಟ್ಟೆ ಅದ್ದಿ ಹಿಂಡಿ, ಕೆನ್ನೆಗೆ ಕಾವು ಕೊಟ್ಟರು. ನೋವು ತಗ್ಗಲು ಒಂದು ಮಾತ್ರೆ ಅರೆದು ನೀರಿನಲ್ಲಿ ಕುಡಿಸಿದರು. ಕೆನ್ನೆಯ ಸ್ನಾಯು ಸಡಿಲವಾದ ಮೇಲೆ ಡಾಕ್ಟರು ಎರಡೂ ಹೆಬ್ಬೆರಳಿಗೆ ಶುಚಿಯಾದ ಬಟ್ಟೆ ಸುತ್ತಿಕೊಂಡರು. ಅದನ್ನು ಕಂಡೊಡನೆ ಸುಭದ್ರಮ್ಮನಿಗೆ ಸಂತೆಯ ಇಕ್ಕಳ ನೆನಪಾಯಿತು. ಗೋಡೆಗೆ ಸರಿದು ಕೈ ಅಡ್ಡ ಹಿಡಿದಳು.

"ಬೇಡ. ಬೇಡ್ರೀ. ಎಳೀಬೇಡ್ರೀ."

"ಎಳೆಯಲ್ಲ. ನಿಮ್ಮ ಕೈ ನನ್ನ ಮಣಿಕಟ್ಟಿನ ಮೇಲಿರಲಿ. ನೋವಾದರೆ ಹಿಂಡಿ, ಬಿಟ್ಟುಬಿಡ್ತೀನಿ."

ಅವರು ಕಾದರು. ಹೊರಗೆ ಬಜಾರಿನ ಗದ್ದಲ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕೊನೆಗೆ ಅವಳು ಕೈ ಇಳಿಸಿದಳು. ಹೆಬ್ಬೆರಳುಗಳು ಸಂದಿಯಲ್ಲಿ ತೂರಿ ಕೆಳಗಿನ ದವಡೆಹಲ್ಲುಗಳ ಮೇಲೆ ಕೂತವು. ಮೆಲ್ಲಗೆ ಕೆಳಕ್ಕೆ ಒತ್ತಿದರು, ಒತ್ತಿದ ಹಾಗೇ ಮುಂದಕ್ಕೆ ತಂದರು. ಅವಳು ಅವರ ಮಣಿಕಟ್ಟು ಹಿಂಡಿದಳು. ಬಿಟ್ಟರು. "ಉಸಿರು ಬಿಡಿ. ಭುಜ ಇಳಿಸಿ. ನೀವು ಬಿಗಿ ಹಿಡಿದರೆ ನಾನೇನೂ ಮಾಡೋಕಾಗಲ್ಲ." ಮತ್ತೆ ಒತ್ತಿದರು. ಕಿವಿಯ ಮುಂದೆ ಏನೋ ಜಾರಿತು. ಒಂದು ದಪ್ಪ ಸದ್ದಾಯಿತು. ಬಾಯಿ ತೆರೆದುಕೊಂಡಿತು.

ಸುಭದ್ರಮ್ಮ ಬಾಯಿ ತೆರೆದುಕೊಂಡೇ ಅತ್ತಳು. ಮುಚ್ಚಿದರೆ ಮತ್ತೆ ತೆರೆಯದೇನೋ ಎಂದು ಮುಚ್ಚಲು ಹೆದರಿದಳು. ಡಾಕ್ಟರು ಅವಳ ಗಲ್ಲಕ್ಕೆ ಕೈಕೊಟ್ಟು ತಾವೇ ಮುಚ್ಚಿಸಿ, ತಾವೇ ತೆರೆಸಿದರು.

ಅವಳು ಹೀಗೆ ಹೊರಟುಹೋದದ್ದನ್ನು ಪಕ್ಕದ ಮನೆಯ ಮೇಷ್ಟರಿಂದ ತಿಳಿದ ಏಕಾಂತಪ್ಪ ಸಂಜೆಯ ಬಸ್ಸಿಗೆ ಬಂದ. ಕಾರ್ಖಾನೆಯ ಅಂಗಿಯಲ್ಲೇ ಬಂದಿದ್ದ. ಮಾವನ ಮನೆಯ ಪಡಸಾಲೆಯಲ್ಲಿ ನಿಂತು ಹೆಂಡತಿಯ ಮುಖ ನೋಡಿದ. "ಒಂದು ಮಾತು ಹೇಳಬಾರದಿತ್ತಾ?" ಅಂದ. ಅವಳು ತಲೆ ತಗ್ಗಿಸಿದಳು. ಅವನು ಅಲ್ಲೇ ಕಂಬಕ್ಕೆ ಒರಗಿ ಕೂತ.

ಮರುದಿನ ಡಾಕ್ಟರು ಅವಳ ಹಲ್ಲುಗಳಿಗೆ ಟಾರ್ಚು ಹಿಡಿದು ನೋಡಿದರು. ಮೇಲಿನ ಅಂಚುಗಳು ಸವೆದು ಚಪ್ಪಟೆಯಾಗಿದ್ದವು. "ನಿದ್ದೆಯಲ್ಲಿ ಹಲ್ಲು ಕಡೀತಾರೇನ್ರೀ ಇವರು?" ಎಂದು ಏಕಾಂತಪ್ಪನನ್ನು ಕೇಳಿದರು.

"ಕಡೀತಾಳೆ ಡಾಕ್ಟ್ರೇ. ಕಡಲೆ ಅಗಿದಂಗೆ ಸದ್ದು. ಹೇಳಿದರೆ ನಾಚ್ಕೋತಾಳೆ ಅಂತ ನಾನು ಹೇಳಿರಲಿಲ್ಲ."

"ಹಗಲಲ್ಲೂ ಕಚ್ಚಿಕೊಂಡೇ ಇರ್ತಾರೆ. ನಿನ್ನೆಯಿಂದ ನೋಡ್ತಿದ್ದೀನಿ." ಅವರು ಅವಳ ಕಡೆ ತಿರುಗಿದರು. "ಯಾಕಮ್ಮ? ಏನು ಹೆದರಿಕೆ ನಿಮಗೆ?"

ಅವಳು ಗಂಡನ ಅಂಗಿಯ ತೋಳನ್ನು ನೋಡಿದಳು. ಕಾರ್ಖಾನೆಯ ಕೂಗು, ಕಾದ ಕಬ್ಬಿಣ, ಸೈಕಲ್ಲಿಗಾಗಿ ಕಾಯುವ ಹೊತ್ತು ಎಲ್ಲ ಹೇಳಿದಳು. ಆಮೇಲೆ ಪುಟ್ಟಣ್ಣನ ವಿಷಯ ಹೇಳಿದಳು, ಬಾಗಿಲ ಸಂದಿಯಿಂದ ಕಂಡದ್ದನ್ನು ಹೇಳಿದಳು. ತಂಬಿಗೆ ಬಿದ್ದದ್ದನ್ನು ಹೇಳುವಾಗ ಕಾಶಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಅದಕ್ಕೇ ಅವನು ಹೋದ ಅಂತ ತಿಳ್ಕೊಂಡಿದ್ಯೇನೇ?" ಕಾಶಮ್ಮ ಕೇಳಿದಳು. "ಓಣೀಲಿ ನಾಯಿ ಬೊಗಳಿದರೂ ಸೆಟೀತಿದ್ದ ಕಣೇ. ಗಾಳಿ ಬೀಸಿದರೂ ಸೆಟೀತಿದ್ದ."

ಇಷ್ಟು ವರ್ಷದಲ್ಲಿ ಅವ್ವ, ಮಗಳು ಪುಟ್ಟಣ್ಣನ ಮಾತಾಡಿದ್ದು ಅದೇ ಮೊದಲು. ಜಂಬಣ್ಣನವರು ಎದ್ದು ಹಿತ್ತಲಿಗೆ ಹೋದರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಡಾಕ್ಟರು ಹೇಳಿದ ಚಿಕಿತ್ಸೆ ಕೇಳಿದರೆ ಇಷ್ಟೇನಾ ಅನ್ನಿಸುವಂಥದ್ದು. ಕೆಲವು ವಾರ ಅಗಿಯುವ ಕೆಲಸವೇ ಬೇಡ, ಗಂಜಿ, ಅಂಬಲಿ, ನುಣ್ಣನೆ ಮುದ್ದೆ ಸಾರಿನಲ್ಲಿ ಅದ್ದಿ ನುಂಗುವುದು. ಅಡಿಕೆ ಪೂರ್ತಿ ಬಂದ್. ದಾರ ಕತ್ತರಿಯಲ್ಲೇ ಕತ್ತರಿಸಬೇಕು. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಕೊಡಬೇಕು. ಬೆಳಿಗ್ಗೆ ಸಂಜೆ ಬಿಸಿ ಬಟ್ಟೆಯ ಕಾವು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ತಮ್ಮ ಬಾಯಿಯಲ್ಲೇ ಮಾಡಿ ತೋರಿಸಿದರು. ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಬೇಕು. "ಊಟ ಮಾಡುವಾಗ ಬಿಟ್ಟು ಬೇರೆ ಹೊತ್ತಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಏನೂ ಕೆಲಸವಿಲ್ಲ. ಇಷ್ಟರಲ್ಲಿ ಹೋಗದಿದ್ದರೆ ನಿದ್ದೆಯಲ್ಲಿ ಹಾಕಿಕೊಳ್ಳೋಕೆ ಬೆಂಗಳೂರಿನಲ್ಲಿ ಹಲ್ಲಿನ ಅಚ್ಚು ಮಾಡಿಸೋಣ."

ಹೊರಡುವ ದಿನ ಅವಳು ಬಾಗಿಲ ಬಳಿ ನಿಂತು ಕೇಳಿದಳು. "ಧನುರ್ವಾಯು ಬರದ ಹಾಗೆ ಮುಂಚೇನೇ ಕೊಡೋ ಇಂಜೆಕ್ಷನ್ ಇದೆ ಅಂದ್ರಲ್ಲ. ಅದು ನಮ್ಮಣ್ಣನ ಕಾಲದಲ್ಲಿ ಇತ್ತಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಎಲ್ಲೋ ಇತ್ತಮ್ಮ. ಇಂಥ ಊರಿಗೆ ಬಂದಿರಲಿಲ್ಲ."

ಭದ್ರಾವತಿಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಗಂಡನಿಗೂ ಮಗಳಿಗೂ ಆ ಇಂಜೆಕ್ಷನ್ ಕೊಡಿಸಿದ್ದು. ಶಾಮಲಾಳನ್ನೂ ಬಿಡಲಿಲ್ಲ. "ನನಗೇನಾಗಿದೆ ಮಾರಾಯ್ತಿ?" ಎಂದು ಅವಳು ಗೊಣಗುತ್ತಲೇ ತೋಳು ಚಾಚಿದಳು.

ನೋವು ಒಮ್ಮೆಲೇ ಹೋಗಲಿಲ್ಲ. ಹೋದಂತೆ ಮಾಡಿ ಬಂತು. ಶ್ರಾವಣದಲ್ಲಿ ಮರೆತು ಒಂದು ಚಕ್ಕುಲಿ ಕಡಿದು ದವಡೆ ಮತ್ತೆ ಸಿಕ್ಕಿಕೊಂಡಾಗ ಇದ್ದಲ್ಲೇ ಕೂತುಬಿಟ್ಟಳು. ಆದರೆ ಈ ಸಲ ಗಂಡನನ್ನು ಕೂಗಿದಳು. ಅವನು ಬಟ್ಟೆ ಬಿಸಿ ಮಾಡಿ ಕೊಟ್ಟು ಪಕ್ಕದಲ್ಲೇ ಕೂತಿದ್ದ. ಸ್ವಲ್ಪ ಹೊತ್ತಿನಲ್ಲಿ ಬಿಟ್ಟುಕೊಂಡಿತು. ಒಂದು ವರ್ಷ ಕಳೆಯುವಷ್ಟರಲ್ಲಿ ತಲೆನೋವು ನಿಂತಿತ್ತು, ಬಾಯೊಳಗೆ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. ಹಲ್ಲಿನ ಅಚ್ಚು ಬೇಕಾಗಲಿಲ್ಲ. ಟಕ್ ಎನ್ನುವ ಸದ್ದು ಮಾತ್ರ ಉಳಿಯಿತು. ನೋವಿಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು.

ಹೆದರಿಕೆ ಹೋಯಿತು ಎಂದು ಮಾತ್ರ ಹೇಳಲಾಗುವುದಿಲ್ಲ. ಅರವತ್ತಮೂರರಲ್ಲಿ, ತವರಿಗೆ ಹೋದಾಗ, ರಾಗಿಗುಡ್ಡದ ಕಡೆ ಆಡಲು ಹೋದ ಪುಷ್ಪ ಮುಳ್ಳುತಂತಿ ಹಾರಿ ಮೊಣಕಾಲು ಹರಿದುಕೊಂಡು ಬಂದಳು. ಸುಭದ್ರಮ್ಮ ಮಗಳನ್ನು ಎತ್ತಿಕೊಂಡೇ ಡಾಕ್ಟರ ಷಾಪಿಗೆ ಓಡಿದಳು. ಅವರು ಗಾಯ ತೊಳೆದು, ಇನ್ನೊಂದು ಇಂಜೆಕ್ಷನ್ ಹಾಕಿ, "ಏನೂ ಆಗಲ್ಲ" ಎಂದರು. ಅವಳು ನಂಬಿದಳು. ನಂಬಿಯೂ ಆಮೇಲಿನ ದಿನಗಳಲ್ಲಿ ಮಗಳು ತುತ್ತು ಬಾಯಿಗಿಟ್ಟಾಗೆಲ್ಲ ತನ್ನ ಊಟ ಬಿಟ್ಟು ನೋಡುತ್ತಿದ್ದಳು.

"ಏನವ್ವಾ, ನನ್ನ ಬಾಯೇ ನೋಡ್ತೀಯ?" ಪುಷ್ಪ ರೇಗಿದಳು.

"ಏನಿಲ್ಲ, ಉಣ್ಣು. ದೊಡ್ಡ ತುತ್ತು ಮಾಡ್ಕೊಂಡು ಉಣ್ಣು."